ಫಾರ್ವರ್ಡಣ್ಣ ಬಿದ್ದ ದಿನ

ಅವನ ಹಣೆಯ ಮೇಲೆ, ಕೂದಲು ಶುರುವಾಗುವ ಕಡೆ, ಎಂಟಾಣೆ ಅಗಲದ ಚರ್ಮ ಕಪ್ಪಾಗಿ ಗಡುಸಾಗಿ ಎದ್ದುಕೊಂಡಿತ್ತು. ಆಗಿನ ಫುಟ್‌ಬಾಲು ದಪ್ಪ ಚರ್ಮದ್ದು, ಬಾಯಿಗೆ ದಾರ ಬಿಗಿದಿದ್ದು. ಮಳೆಯಲ್ಲಿ ನೆನೆದರೆ ರುಬ್ಬುಗುಂಡಿನಷ್ಟು ಭಾರ. ಅದನ್ನು ವರ್ಷಗಟ್ಟಲೆ ತಲೆಯಿಂದ ಗುದ್ದಿ ಗೋಲಿಗೆ ಕಳಿಸಿದ್ದಕ್ಕೆ ಸಿಕ್ಕ ಬಹುಮಾನ ಅದು. ಜಾಲಹಳ್ಳಿಯ ನಮ್ಮ ಕಾರ್ಖಾನೆ ಕ್ವಾರ್ಟರ್ಸಿನ ಮಕ್ಕಳಿಗೆ ಅದನ್ನು ಮುಟ್ಟಿ ನೋಡುವ ಚಪಲ. ಅವನು ಬಗ್ಗಿ ತಲೆ ಕೊಡುತ್ತಿದ್ದ. "ಮುಟ್ಕೊಳ್ರೋ, ದೇವಸ್ಥಾನದ ಬಸವ ಇದ್ದಂಗೆ ಇದೀನಿ, ಹಾಯಲ್ಲ," ಅನ್ನುತ್ತಿದ್ದ.

ಎಪ್ಪತ್ತರ ದಶಕದ ಕೊನೆಯ ಮಾತು. ಅವನು ನಮ್ಮ ಕಾರ್ಖಾನೆ ಟೀಮಿನ ಸೆಂಟರ್ ಫಾರ್ವರ್ಡ್, ಊರಿಗೆಲ್ಲ ಫಾರ್ವರ್ಡಣ್ಣ. ಆಟ ಚೆನ್ನಾಗಿ ಆಡುತ್ತಾನೆ ಅಂತಲೇ ಅವನಿಗೆ ಕೆಲಸ ಕೊಟ್ಟಿದ್ದರು. ಮ್ಯಾಚಿನ ದಿನ ಮಧ್ಯಾಹ್ನದ ಸೈರನ್ನಿಗೆ ಮುಂಚೆಯೇ ತಗಡು ಒತ್ತುವ ಪ್ರೆಸ್ ಷಾಪಿನಿಂದ ಬಿಟ್ಟುಬಿಡುತ್ತಿದ್ದರು. ಗೇಟಿನಲ್ಲಿ ನಮ್ಮೆಲ್ಲರ ಊಟದ ಡಬ್ಬಿ ತೆಗೆಸಿ ನೋಡುತ್ತಿದ್ದ ಸೆಕ್ಯುರಿಟಿಯವನು ಅವನಿಗೆ ಮಾತ್ರ ಸೆಲ್ಯೂಟ್ ಹೊಡೆಯುತ್ತಿದ್ದ. ಮಾಕಳಿಯಿಂದ ಜನ ಸೈಕಲ್ಲಿನಲ್ಲಿ ಡಬಲ್ಸ್ ಹೊಡೆದುಕೊಂಡು ಆಟ ನೋಡಲು ಬರುತ್ತಿದ್ದರು. ಅವರಲ್ಲೊಬ್ಬರು ಗೌಡರು, ನಮಗೆ ಹಾಲು ಹಾಕುವವರು, ಮ್ಯಾಚಿನ ಸಂಜೆ ಹಾಲೇ ತರುತ್ತಿರಲಿಲ್ಲ. ಕೇಳಿದರೆ, "ಆಲು ನಾಳೀಕೂ ಬತ್ತದೆ ಬುಡಿ ಸಾರ್. ಇವನ ಆಟ ಬತ್ತದಾ?" ಅನ್ನುವರು.

ನಾನು ಅವನ ಪಕ್ಕದ ಮನೆಯವನು, ಸ್ಟೋರ್ಸಿನಲ್ಲಿ ಗುಮಾಸ್ತ, ಹುಟ್ಟು ಪುಕ್ಕಲ. ಹೊರಗೆ ಹೊರಟಾಗ ಹಲ್ಲಿ ಲೊಚಗುಟ್ಟಿದರೆ ಚಪ್ಪಲಿ ಬಿಚ್ಚಿ ಕೂತುಬಿಡುವ ಆಸಾಮಿ. ಇಂಥವನ ತಲೆಗೇ ಅವನ ಗುಟ್ಟು ಬಂದು ಕಟ್ಟಿಕೊಂಡಿತು.

ಒಂದು ಭಾನುವಾರ ಬೆಳಿಗ್ಗೆ ಅವನ ಹೆಂಡತಿ ಕಿರುಚಿದ್ದು ಕೇಳಿ ಓಡಿದೆ. ಹಿತ್ತಲಿನ ನಲ್ಲಿಯ ಹತ್ತಿರ ಅವನು ಬಿದ್ದಿದ್ದ. ಕೈಕಾಲು ಸೆಟೆದು ಅದುರುತ್ತಿದ್ದವು, ಬಾಯಲ್ಲಿ ನೊರೆ. "ಕಬ್ಬಿಣ ಕೊಡಿ ಅಣ್ಣಾ, ಏನಾದ್ರೂ ಕಬ್ಬಿಣ!" ಅಂದಳು. ಜೇಬಿನಲ್ಲಿದ್ದ ಬೀಗದ ಕೈ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದೆ. ಮೂರ್ಛೆ ರೋಗಕ್ಕೆ ಆಗ ಎಲ್ಲರೂ ಮಾಡುತ್ತಿದ್ದುದು ಅದನ್ನೇ. ಅದರಿಂದ ಏನೂ ಉಪಯೋಗವಿಲ್ಲ ಅಂತ ಡಾಕ್ಟರುಗಳು ಹೇಳಿದ್ದು ಎಷ್ಟೋ ಆಮೇಲೆ.

ಎಚ್ಚರವಾದ ಮೇಲೆ ಅವನು ನನ್ನ ಕೈ ಬಿಡಲಿಲ್ಲ. "ಯಾರ್ಗೂ ಹೇಳ್ಬೇಡ ಕಣೋ. ಗೊತ್ತಾದ್ರೆ ಗ್ರೌಂಡಿಗೂ ಬಿಡಲ್ಲ, ಪ್ರೆಸ್ ಮುಂದೆ ನಿಲ್ಲೋಕೂ ಬಿಡಲ್ಲ. ಆಟಕ್ಕೆ ಕೊಟ್ಟ ಕೆಲಸ ಇದು, ಆಟ ಹೋದ್ರೆ ಇರತ್ತಾ?" ಅಂದ. ಆಮೇಲೆ, "ಬರೋಕೆ ಮುಂಚೆ ಎಡಗೈ ಹೆಬ್ಬೆರಳು ಅದುರುತ್ತೆ. ಗ್ರೌಂಡಲ್ಲಿ ಬಿದ್ರೆ ನೀನೇ ಮೊದ್ಲು ಬಂದ್ಬಿಡು. ಯಾರೂ ನೋಡಬಾರ್ದು," ಅಂದ.

ಅವತ್ತಿಗೆ ನನ್ನ ನೆಮ್ಮದಿ ಹೋಯಿತು. ಜನರೆಲ್ಲ ಚೆಂಡು ನೋಡುತ್ತಿದ್ದರೆ ನಾನು ಅವನ ಹೆಬ್ಬೆರಳು ನೋಡುತ್ತಿದ್ದೆ. ಪಕ್ಕದವರು ಎದ್ದು ಕುಣಿದಾಗಲೇ ಗೋಲಾಯಿತು ಅಂತ ನನಗೆ ತಿಳಿಯುತ್ತಿದ್ದದ್ದು. ಬೀಗದ ಕೈ ಹಿಡಿದ ಅಂಗೈ ಬೆವೆತು ಜಾರುತ್ತಿತ್ತು. "ಆಟ ನೋಡೋಕೆ ಹೋಗ್ತೀರೋ, ಪೊಲೀಸ್ನೋರ ಕೈಲಿ ಸಿಗೋಕೆ ಹೋಗ್ತೀರೋ?" ಅಂತ ನನ್ನ ಹೆಂಡತಿ ಒದ್ದೆ ಷರಟು ನೋಡಿ ನಗುವಳು. ಅವಳಿಗೂ ಹೇಳಿರಲಿಲ್ಲ. ಅವನು ಮಾತ್ರ ಆನೇಕಲ್ಲಿನಷ್ಟು ದೂರದ ಡಾಕ್ಟರಿಂದ ಮಾತ್ರೆ ತಂದು ನುಂಗಿ, ಗ್ರೌಂಡಿಗೆ ಇಳಿಯುವಾಗ ನನ್ನ ಕಡೆ ಕಣ್ಣು ಹೊಡೆಯುತ್ತಿದ್ದ. "ಮುಖ ಸರಿ ಇಟ್ಕೋ ಗುರು, ನಾನಿನ್ನೂ ಸತ್ತಿಲ್ಲ," ಅನ್ನುವನು. ನನಗೆ ನಗು ಬರುತ್ತಿರಲಿಲ್ಲ.

ಕೊನೆಗೆ ಆಗಿದ್ದು ನಮ್ಮ ಗ್ರೌಂಡಿನಲ್ಲೇ, ಪೀಣ್ಯದ ಒಂದು ಕಾರ್ಖಾನೆಯ ಟೀಮಿನ ಮೇಲೆ ಫೈನಲ್ ಆಡುವಾಗ. ಅವನನ್ನು ತಡೆಯಲು ನಿಂತವನು ಆ ಟೀಮಿಗೆ ಹೊಸದಾಗಿ ಸೇರಿದ ಬ್ಯಾಕು, ಮೀಸೆ ಈಗಷ್ಟೇ ಮೂಡಿದವನು. ಕಾರ್ನರ್‌ನಿಂದ ಚೆಂಡು ಮೇಲೆ ಬಂತು. ಇಬ್ಬರೂ ನೆಗೆಯಲು ಓಡಿದರು. ಅಷ್ಟರಲ್ಲಿ ಹೆಬ್ಬೆರಳು ಅದುರಿತು. ನಾನು ಕೂತಲ್ಲಿಂದ ಎದ್ದೆ. ಬ್ಯಾಕು ನೆಗೆದ, ನಮ್ಮವನು ನೆಗೆಯದೆ ಕಡಿದ ಮರದ ಹಾಗೆ ಉರುಳಿದ. ನೋಡಿದವರಿಗೆಲ್ಲ ಕಂಡದ್ದು ಅವನ ತಲೆಯ ಪಕ್ಕ ಇಳಿದ ಬ್ಯಾಕಿನ ಬೂಟು.

"ಒದ್ದ! ಫಾರ್ವರ್ಡಣ್ಣನ ತಲೆಗೇ ಒದ್ದ!"

ನಾನು ಓಡಿ ಹೋಗಿ ಅವನ ಮೇಲೆ ಕವುಚಿಕೊಂಡೆ. ಬೀಗದ ಕೈ ಅವನ ಮುಷ್ಟಿಗೆ ತುರುಕಿದೆ. ಅವನಿಗೆ ಅರಿವಿಲ್ಲದೆ ಚಡ್ಡಿ ಒದ್ದೆಯಾಗಿತ್ತು, ಹೆಗಲ ಮೇಲಿನ ಟವೆಲ್ಲು ತೆಗೆದು ಸೊಂಟಕ್ಕೆ ಸುತ್ತಿದೆ. "ಒದ್ದಿಲ್ಲ, ಯಾರೂ ಒದ್ದಿಲ್ಲ," ಅಂತ ಕೂಗಿದೆ. ಕೇಳುವವರು ಯಾರು? ಜನ ನಮ್ಮನ್ನು ದಾಟಿಕೊಂಡು ಆ ಬ್ಯಾಕಿನ ಹಿಂದೆ ಓಡುತ್ತಿದ್ದರು. ಅವನು ಗೋಲಿನ ಬಲೆ ಇಡುವ ತಗಡಿನ ಷೆಡ್ಡಿಗೆ ನುಗ್ಗಿ ಒಳಗಿನಿಂದ ಚಿಲಕ ಹಾಕಿಕೊಂಡ. ರೆಫರಿ ಸೀಟಿ ಊದಿ ಊದಿ ಸುಸ್ತಾದ. ತಗಡಿನ ಮೇಲೆ ಕಲ್ಲು ಬೀಳುವ ಸದ್ದು ಶುರುವಾಯಿತು. ಇವನು ಏಳುವ ಹೊತ್ತಿಗೆ ಅಲ್ಲೊಂದು ಹೆಣ ಬಿದ್ದಿರುತ್ತೆ ಅನ್ನಿಸಿತು.

ಅವನು ಕಣ್ಣು ಬಿಟ್ಟ. ಬಾಯಿಯ ಅಂಚಿನಲ್ಲಿ ರಕ್ತ. ಸ್ವಲ್ಪ ಹೊತ್ತು ನನ್ನನ್ನೇ ಗುರುತು ಹಿಡಿಯಲಿಲ್ಲ. ಆಮೇಲೆ ಕೇಳಿದ: "ಏನೋ ಅದು ಸದ್ದು?"

ಹೇಳಿದೆ. ಅವನು ನನ್ನ ಹೆಗಲು ಹಿಡಿದು ಎದ್ದ. ಬೇಡ ಅಂದೆ, ಕೇಳಲಿಲ್ಲ.

ಷೆಡ್ಡಿನ ಮುಂದೆ ನಮ್ಮ ಹಾಲಿನ ಗೌಡರೇ ತೆಂಗಿನಕಾಯಿ ಗಾತ್ರದ ಕಲ್ಲು ಎತ್ತಿಕೊಂಡು ನಿಂತಿದ್ದರು. ನಮ್ಮ ಸ್ಟೋರ್ಸಿನವರು, ಪ್ರೆಸ್ ಷಾಪಿನವರು, ದಿನಾ ಜೊತೆಗೆ ಊಟ ಮಾಡುವ ಮುಖಗಳು; ಒಂದೂ ನನಗೆ ಗುರುತು ಸಿಗುವ ಹಾಗಿರಲಿಲ್ಲ. ಒಳಗಿನಿಂದ ಅಳುವ ದನಿ: "ನಾನು ಮುಟ್ಟಿಲ್ಲ ಅಣ್ಣಾ, ಅಮ್ಮನಾಣೆಗೂ ಮುಟ್ಟಿಲ್ಲ!" ಫಾರ್ವರ್ಡಣ್ಣ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಅವನು ನಿಜ ಹೇಳ್ತಿದಾನೆ. ನಾನೇ ಬಿದ್ದೆ. ನಂಗೆ ಮೂರ್ಛೆ ರೋಗ ಇದೆ ಕಣ್ರಪ್ಪಾ."

ಎತ್ತಿದ ಕೈಗಳು ಇಳಿದವು. ಆಮೇಲೆ ಗೌಡರು, "ನೋಡ್ರಲಾ, ಇಂಗೆ ಒಡೆಸ್ಕಂಡ್ರೂ ಆ ನನ್ಮಗನ್ನ ಉಳ್ಸಕ್ಕೆ ಸುಳ್ ಏಳ್ತಾವ್ನೆ! ಎಂಥಾ ದೊಡ್ ಮನ್ಸು!" ಅಂದರು. "ಫಾರ್ವರ್ಡಣ್ಣಂಗೆ ಜೈ!" ಅಂತ ಯಾರೋ ಕೂಗಿದರು. ಕಲ್ಲುಗಳು ಮತ್ತೆ ಮೇಲೆದ್ದವು. ಜನರ ಪ್ರೀತಿ ಕಂಡು ನನಗೆ ಅಷ್ಟು ಹೆದರಿಕೆಯಾದದ್ದು ಅದೊಂದೇ ಸಲ.

ಅವನು ನಾಲಗೆ ಚಾಚಿದ. ಅಂಚು ಕಚ್ಚಿ ಹರಿದಿತ್ತು. ಆಮೇಲೆ ಸೊಂಟದ ಟವೆಲ್ಲಿಗೆ ಕೈ ಹಾಕಿದ. ನಾನು ಅವನ ಕೈ ಹಿಡಿದುಕೊಂಡೆ. "ಬಿಡೋ," ಅಂದ. ಟವೆಲ್ಲು ಬಿಚ್ಚಿ ನನ್ನ ಕೈಗೆ ಕೊಟ್ಟು, ಒದ್ದೆ ಚಡ್ಡಿಯಲ್ಲಿ, ಅಷ್ಟೂ ಜನರ ಎದುರಿಗೆ ನಿಂತ. "ನೋಡ್ಕೊಳ್ಳಿ. ಒದೆ ತಿಂದೋನು ಹಿಂಗಾಗ್ತಾನಾ?"

ಮುಂದಿದ್ದವರು ತಲೆ ತಗ್ಗಿಸಿದರು, ಹಿಂದಿದ್ದವರು ಜಾಗ ಖಾಲಿ ಮಾಡಿದರು. ಅವನು ಬಾಗಿಲು ತಟ್ಟಿ, "ಬಾರಪ್ಪಾ, ನಿಮ್ ಬಸ್ಸು ಕಾಯ್ತಾ ಇದೆ," ಅಂದ. ಆ ಹುಡುಗ ಹೊರಗೆ ಬಂದ ಮೇಲೂ ಎಷ್ಟೋ ಹೊತ್ತು ಅವನ ಜೆರ್ಸಿ ಹಿಡಿದುಕೊಂಡೇ ಇದ್ದ.

ಅದೇ ಅವನ ಕಡೆಯ ಮ್ಯಾಚು. ಪ್ರೆಸ್ಸಿನಿಂದಲೂ ತೆಗೆದರು, ಆದರೆ ಕೆಲಸ ಹೋಗಲಿಲ್ಲ. ಕ್ಯಾಂಟೀನಿನಲ್ಲಿ ಟೋಕನ್ ತಗೊಳ್ಳಲು ಕೂರಿಸಿದರು. ಒಮ್ಮೆ ಕೇಳಿದೆ, ಬೇಜಾರಾಗಲ್ವಾ ಅಂತ. "ಆಗತ್ತೆ ಕಣೋ. ಆಟ ಬಿಟ್ಟೋನಿಗೆ ಬೇಜಾರಾಗ್ದೆ ಇರತ್ತಾ," ಅಂದು ಮುಂದಿನವರ ಟೋಕನ್ನಿಗೆ ಕೈ ಚಾಚಿದ. ರಿಟೈರಾಗುವ ಮುಂಚೆಯೇ, ಒಂದು ಬೆಳಿಗ್ಗೆ ಅದೇ ರೋಗದಲ್ಲಿ ಹೋಗಿಬಿಟ್ಟ.

ಅವತ್ತು ಜಾಲಹಳ್ಳಿಯೇ ಬಂದಿತ್ತು. ಎಲ್ಲರೂ ಅವನ ಗೋಲುಗಳನ್ನು ನೆನೆದು ಅತ್ತರು. ಈಗಲೂ ಹಳಬರು ಸಿಕ್ಕರೆ ಅದೇ ಮಾತು: ಆ ಹೆಡ್ಡರು, ಆ ಕಾರ್ನರು, ಗೆದ್ದ ಆ ಕಪ್ಪು. ತಗಡಿನ ಷೆಡ್ಡಿನ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ. ಅವನ ಅವಮಾನ ಮುಚ್ಚಿಡುತ್ತಿದ್ದಾರೆ ಅಂತ ನಾನು ಬಹಳ ಕಾಲ ಅಂದುಕೊಂಡಿದ್ದೆ. ಅವಮಾನ ಅವನದ್ದಾಗಿರಲಿಲ್ಲ. ಅವತ್ತು ಅಲ್ಲಿ ಕಲ್ಲು ಹಿಡಿದವರ ಎದುರು ಬರಿಗೈಯಲ್ಲಿ ನಿಂತಿದ್ದವನು ಅವನೊಬ್ಬನೇ.