ಅಪ್ಪಾವರು ಆಡದ ಅಪ್ಪಣೆ

ಹಿಂದಿನ ಸ್ವಾಮಿಗಳಾದ ಅಪ್ಪಾವರ ಕೊನೆಯ ಅಪ್ಪಣೆಯೆಂದು ಆದವಾನಿಯ ನಮ್ಮ ಮಠದ ಭಕ್ತರೆಲ್ಲ ತಲೆಯ ಮೇಲೆ ಹೊತ್ತು ನಡೆಸಿದ ಮಾತು ಅಪ್ಪಾವರದಲ್ಲ. ನನ್ನದು. ಅವರ ಸಮಾಧಿಯ ಗುಣಿಯ ಅಂಚಿನಲ್ಲಿ ನಿಂತು, ಮೈತುಂಬ ವಿಭೂತಿ ಧರಿಸಿ ಕೂತಂತಿದ್ದ ಆ ದೇಹದ ಎದುರಿಗೇ ನಾನು ಸುಳ್ಳು ಹೇಳಿದೆ — ಗಟ್ಟಿ ದನಿಯಲ್ಲಿ, ನೆರೆದವರೆಲ್ಲ ಕೇಳುವಂತೆ.

ಈ ಸಲದ ಆರಾಧನೆಗೆ ಅಪ್ಪಾವರ ನೆನಪಿನ ಸಂಚಿಕೆಯೊಂದನ್ನು ಅಚ್ಚು ಹಾಕಿಸುತ್ತಾರೆ. "ಅವರ ಸನೇದಾಗ ಇದ್ದಾಕಿ ನೀನು. ನೀ ಬರೀಲಿಲ್ಲಂದ್ರ ಹೆಂಗವ್ವಾ?" ಎಂದು ಈಗಿನ ಸ್ವಾಮಿಗಳು ಹೇಳಿಕಳಿಸಿದರು. ಹೊಗಳಿ ನಾಲ್ಕು ಮಾತು ಬರೆದು ಕೈ ತೊಳೆದುಕೊಳ್ಳೋಣ ಅಂತಲೇ ಕೂತೆ. ಆಗಲಿಲ್ಲ. ಬರೆದದ್ದು ಇದು.

ನಾನು ಗೌರಮ್ಮ, ಹತ್ತಿ ವ್ಯಾಪಾರದ ಮನೆಯ ಮಗಳು. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡ. ತಂದೆಯೂ ಇರಲಿಲ್ಲ. ಮನೆಯ ಯಜಮಾನರಾದ ದೊಡ್ಡಪ್ಪ ನನ್ನನ್ನು ತಂದು ಮಠದ ದಾಸೋಹದ ಅಡಿಗೆಗೆ ಬಿಟ್ಟರು. ಮನೆಯಲ್ಲಿದ್ದರೆ ಮದುವೆ ಮುಂಜಿಗೆ ನನ್ನ ಮುಖ ಅಡ್ಡ ಬರುತ್ತದಂತೆ! ಮಠದಲ್ಲಾದರೆ ಊರವರಿಗೆಲ್ಲ ನಾನು ಬೇಯಿಸಿ ಹಾಕಬಹುದು, ಅದಕ್ಕೇನೂ ಅಡ್ಡಿಯಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಅಪ್ಪಾವರು ನನಗೆ ಅಕ್ಷರ ಕಲಿಸಿದ್ದು ಆ ಅಡಿಗೆಮನೆಯಲ್ಲಿ. ರೊಟ್ಟಿಗೆಂದು ಪರಾತದಲ್ಲಿ ಜೋಳದ ಹಿಟ್ಟು ಹಾಕಿಕೊಂಡಿದ್ದೆ. ಒಳಗೆ ಬಂದವರು ಹಿಟ್ಟನ್ನು ಅಂಗೈಯಿಂದ ಸವರಿ, ಬೆರಳಲ್ಲಿ 'ಗೌ' ಎಂದು ಬರೆದರು. "ಇದು ನೀನ ನೋಡವ್ವಾ" ಅಂದರು. ನಾನು ಅತ್ತೆ. ಕಣ್ಣೀರು ಬಿದ್ದು ಹಿಟ್ಟು ಮುದ್ದೆಯಾದೀತು ಎಂದು ಅವರು ನಕ್ಕರು. ದಿನಾ ಬರೆದರು, ದಿನಾ ಆ ಹಿಟ್ಟನ್ನೇ ನಾದಿ ರೊಟ್ಟಿ ಬಡಿದೆ. ಹೊರಗೆ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಬಾರದು ಅಂತಲೇ ಅವರು ಅಡಿಗೆಮನೆಗೆ ಬರುತ್ತಿದ್ದುದು — ಇದು ನನಗೆ ತಡವಾಗಿ ಹೊಳೆಯಿತು.

ಮಠದಲ್ಲೊಂದು ದೊಡ್ಡ ಪಡಸಾಲೆ. ಅಲ್ಲಿ ಹೆಣ್ಣುಮಕ್ಕಳ ಸಾಲೆ ತೆರೆಯಬೇಕೆಂದು ಅಪ್ಪಾವರಿಗೆ ಬಹಳ ಆಸೆ. ಆದರೆ ದಾಸೋಹದ ಜೋಳವೆಲ್ಲ ದೊಡ್ಡಪ್ಪ ಕಳಿಸಿದ್ದು. ಹತ್ತಿಯ ಸುಗ್ಗಿ ಬಂತೆಂದರೆ ಪಡಸಾಲೆಯೂ ಅವರದೇ — ಸೂರು ಮುಟ್ಟುವಂತೆ ಹತ್ತಿ ತುಂಬಿದ ಅಂಡಿಗೆಗಳು. ಅಪ್ಪಾವರು ಎಷ್ಟೋ ಸಲ ಆ ಮಾತು ತೆಗೆಯುತ್ತಿದ್ದರು, ದೊಡ್ಡಪ್ಪನ ಮುಖ ನೋಡುತ್ತಿದ್ದರು, ಆಮೇಲೆ ಮಳೆ ಬೆಳೆಯ ಸುದ್ದಿ ಕೇಳುತ್ತಿದ್ದರು. ಅವರ ಸೋಲನ್ನು ನೋಡುತ್ತ ನಾನು ಬಡಿಸುತ್ತಿದ್ದೆ.

ಅಪ್ಪಾವರು ಲಿಂಗೈಕ್ಯರಾದ ಮಧ್ಯಾಹ್ನ ಹತ್ತಿರವಿದ್ದವಳು ನಾನೊಬ್ಬಳೇ. ಈಗಿನ ಸ್ವಾಮಿಗಳು — ಆಗಿನ್ನೂ ಮರಿಸ್ವಾಮಿಗಳು — ಭಿಕ್ಷೆಗೆಂದು ಹೊಳಗುಂದದ ಕಡೆ ಹೋಗಿದ್ದರು. ನೀರು ಕುಡಿಸಿದೆ. ಒಂದು ಗುಟುಕು ಇಳಿಯಿತು. ಆಗ ಅಪ್ಪಾವರು ನನ್ನ ಕೈ ಹಿಡಿದು ಹೇಳಿದ ಮಾತು ಇಷ್ಟು:

"ನಿನಗೊಬ್ಬಾಕಿಗಷ್ಟ ಕಲಿಸಿದೆ, ಗೌರವ್ವಾ. ಉಳಿದ ಹುಡಿಗೇರಿಗೂ ಕಲಿಸಬೇಕಿತ್ತು. ನಿಮ್ಮ ದೊಡ್ಡಪ್ಪಗ ಅಂಜಿದೆ. ಮುಚ್ಚಿಡಬ್ಯಾಡ — ಹಿಂಗ ಅಂಜಿದ್ನಂತ ಮಂದಿಗೆ ಹೇಳು."

ನಮ್ಮ ಮಠದಲ್ಲೊಂದು ಪದ್ಧತಿಯಿದೆ. ಸ್ವಾಮಿಗಳಿಗೆ ಕೊನೆಯ ನೀರು ಕೊಟ್ಟವರು, ಮಣ್ಣು ಎಳೆಯುವ ಮೊದಲು ಗುಣಿಯ ಅಂಚಿಗೆ ನಿಂತು ಅವರ ಕೊನೆಯ ಮಾತನ್ನು ಸಾರಬೇಕು. ಅದು ಅಪ್ಪಣೆಯಾದರೆ ಮಠ ಅದನ್ನು ನಡೆಸಲೇಬೇಕು. ಮೀರಿದವರ ಮನೆಯ ಕಾಳನ್ನು ಮಠ ಮುಟ್ಟುವುದಿಲ್ಲ. ನೀರು ಕೊಟ್ಟವಳು ವಿಧವೆ ಹೆಂಗಸು ಎಂದು ಗುಸುಗುಸು ಎದ್ದಿತು. ಮರಿಸ್ವಾಮಿಗಳು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ನನ್ನನ್ನು ಮುಂದೆ ಕರೆದರು.

ಇದ್ದದ್ದನ್ನು ಇದ್ದಂತೆ ಹೇಳಬೇಕೆಂದೇ ಹೋಗಿದ್ದೆ. ಎದುರಿಗೆ ದೊಡ್ಡಪ್ಪ, ಹೆಗಲ ಮೇಲೆ ಜರಿಯ ಶಲ್ಯ.

"ಹೇಳವ್ವಾ, ಲಗೂನ ಹೇಳು. ಬಿಸಲೇರತೈತಿ" ಅಂದರು.

ಬಿಸಿಲು! ಅಪ್ಪಾವರನ್ನು ಮಣ್ಣಿಗಿಡುವಾಗಲೂ ಈ ಮನುಷ್ಯನಿಗೆ ಬಿಸಿಲಿನ ಚಿಂತೆ. ನನ್ನೊಳಗೆ ಏನೋ ಕಿತ್ತುಕೊಂಡು ಬಂತು.

"ಪಡಸಾಲಿ ಖಾಲಿ ಮಾಡ್ರಿ! ಅಲ್ಲಿ ಹುಡಿಗೇರ ಸಾಲಿ ತೆಗೀರಿ! ಇದು ಅಪ್ಪಾವರ ಅಪ್ಪಣಿ!"

ಅಬ್ಬಾ, ಆ ಗಳಿಗೆ! ಮರಿಸ್ವಾಮಿಗಳು ಕೈಮುಗಿದರು. ಮಂದಿಯೆಲ್ಲ "ಹರಹರ ಮಹಾದೇವ" ಎಂದು ಕೂಗಿದರು. ಅಷ್ಟು ಮಂದಿಯ ನಡುವೆ ದೊಡ್ಡಪ್ಪನೂ ಕೈಮುಗಿಯಲೇಬೇಕಾಯಿತು. ಮರುದಿನವೇ ಬಂಡಿಗಳು ಬಂದು ಅಂಡಿಗೆ ಹೇರಿಕೊಂಡು ಹೋದವು. ನಾನು ಸೆರಗು ಕಟ್ಟಿ, ಮೂಗಿಗೆ ಅಡರುತ್ತಿದ್ದ ಆ ಹತ್ತಿಯ ಧೂಳನ್ನು ಗುಡಿಸಿ ಗುಡಿಸಿ ಹೊರಗೆ ಹಾಕಿದೆ. ಅಷ್ಟು ಖುಷಿಯಿಂದ ನಾನು ಯಾವ ನೆಲವನ್ನೂ ಗುಡಿಸಿಲ್ಲ.

ಕಲಿಸಲು ನಾನೇ ಕೂತೆ. ಮೊದಲು ಬಂದವಳು ಚಿಪ್ಪಗಿರಿಯ ಕಡೆಯ ಕುರಿಗಾರರ ಹುಡುಗಿ, ಆದವಾನಿಯಲ್ಲಿ ಅಜ್ಜಿಯ ಮನೆಯಲ್ಲಿದ್ದಳು. ಆಮೇಲೆ ನೇಕಾರರ ಮಕ್ಕಳು, ಆಮೇಲೆ ಅಂಗಡಿಕಾರರ ಮಕ್ಕಳು. ಅವರು ಒಟ್ಟಿಗೆ ಕಾಗುಣಿತ ಒದರಿದರೆ ಪೇಟೆಯಲ್ಲಿ ಧಾರಣೆ ಕೂಗುವವರಿಗೆ ತಮ್ಮ ದನಿ ತಮಗೇ ಕೇಳುತ್ತಿರಲಿಲ್ಲ. ಒಂದು ದಿನ ದೊಡ್ಡಪ್ಪನೇ ಬಂದು ಬಾಗಿಲಲ್ಲಿ ನಿಂತರು, ಮೊಮ್ಮಗಳು ಶಿವಗಂಗೆಯ ಕೈ ಹಿಡಿದುಕೊಂಡು. ನನ್ನ ಮುಖ ನೋಡಲಿಲ್ಲ.

"ಸರೇಲೇ, ಈಕಿನ್ನೂ ಸಾಲಿಗೆ ಹಚ್ಚಿಕೋ. ಮನ್ಯಾಗ ಸುಮ್ಮನ ತಲಿ ತಿಂತಾಳ."

ಗೆದ್ದೆ ಅಂದುಕೊಂಡೆ. ಗೆದ್ದದ್ದೂ ನಿಜ. ಈಗ ಸ್ವರಾಜ್ಯ ಬಂದಿದೆ, ಪಡಸಾಲೆ ಸಾಲದೆ ಹುಡುಗಿಯರು ಜಗುಲಿಯ ಮೇಲೂ ಕೂತಿದ್ದಾರೆ. ಅವರನ್ನು ಕಂಡಾಗ ನನಗಾಗುವ ಹಿಗ್ಗನ್ನು ಸಣ್ಣದು ಮಾಡಿ ಹೇಳಿದರೆ ಅದು ಇನ್ನೊಂದು ಸುಳ್ಳಾದೀತು.

ಆದರೆ ಅಪ್ಪಾವರ ಗದ್ದುಗೆಯ ಕಲ್ಲಿನ ಮೇಲೆ 'ಅಂಜಿಕೆ ಅರಿಯದ ಗುರು' ಎಂದು ಕೊರೆಸಿದ್ದಾರೆ. ಅದನ್ನು ಓದಿ ಕೈಮುಗಿಯಿರಿ ಎಂದು ಹುಡುಗಿಯರಿಗೆ ಹೇಳಿಕೊಟ್ಟವಳು ನಾನೇ. ಅವರು ಅಂಜಿದ್ದರು. ಅಂಜಿದೆನೆಂದು ಬಾಯಿಬಿಟ್ಟು ಹೇಳಿದ್ದರು, ಮಂದಿಗೆ ಹೇಳು ಎಂದು ಕೈ ಹಿಡಿದು ಬೇಡಿದ್ದರು. ಅವರ ನಿಜವಾದ ಅಪ್ಪಣೆ ಅದೊಂದೇ — ಅದನ್ನೇ ನಾನು ಮಣ್ಣಿನೊಳಗೆ ಹಾಕಿ ಮುಚ್ಚಿದೆ. ಅಂಜಿದ ಗುರುವಿನ ಮಾತನ್ನು ಯಾರೂ ನಡೆಸುವುದಿಲ್ಲ ಎಂದು ನಾನೇ ತೀರ್ಮಾನಿಸಿದೆ. ಅಂದರೆ — ಕೊನೆಗೆ ನಾನೂ ಅವರನ್ನು ಕಡಿಮೆಯವರೆಂದೇ ಕಂಡೆ. ಅಕ್ಷರ ಕೊಟ್ಟವರಿಗೆ ಅವರ ಕೊನೆಯ ಮಾತನ್ನೇ ಇಲ್ಲವಾಗಿಸಿದೆ. ಅಪ್ಪಾ, ಇದಕ್ಕೆ ನನ್ನ ಹತ್ತಿರ ಯಾವ ಸಮಾಧಾನವೂ ಇಲ್ಲ. ಸಾಲೆಯನ್ನು ತೋರಿಸಿ ಕ್ಷಮೆ ಕೇಳುವುದಿಲ್ಲ.

ಮಠ ನನಗೆ ಏನು ದಂಡ ಹಾಕಿದರೂ ಸರಿ. ಕಲ್ಲಿನ ಮೇಲಿನ ಮಾತು ಅಳಿಸಿ, ಅವರು ಆಡಿದ್ದನ್ನೇ ಕೊರೆಸಿರಿ.

ಇನ್ನು ದೊಡ್ಡಪ್ಪಾ, ನಿಮಗೆ. ಅಪ್ಪಣೆಯೇ ಸುಳ್ಳಾದ ಮೇಲೆ ಪಡಸಾಲೆ ಬಿಡಿರಿ ಎಂದು ಕೇಳಲು ನಿಮಗೆ ದಾರಿಯಿದೆ. ಪದ್ಧತಿ ನಿಮ್ಮ ಕಡೆಗಿದೆ, ಇದು ಗೊತ್ತಿದ್ದೇ ಬರೆದಿದ್ದೇನೆ. ನಿಮ್ಮ ಕಣ್ಣಿಗೀಗ ಪೊರೆ ಬಂದಿದೆ. ಈ ಸಂಚಿಕೆಯನ್ನು ನಿಮಗೆ ಓದಿ ಹೇಳುವವಳು ಶಿವಗಂಗೆ. ನಡುವೆ ಎಲ್ಲಿಯೂ ನಿಲ್ಲದೆ ಓದುತ್ತಾಳೆ, ನೋಡುತ್ತಿರಿ. ಕೇಳಿ ಮುಗಿದ ಮೇಲೂ ಸಾಲೆ ಮುಚ್ಚಿಸಬೇಕು ಅನ್ನಿಸಿದರೆ, ನನಗೆ ಹೇಳಿಕಳಿಸಬೇಡಿ. ಎದುರಿಗೆ ಕೂತಿರುತ್ತಾಳಲ್ಲ, ಆಕೆಗೇ ಹೇಳಿ.