ನಡುಗೋಡೆಯ ಸಲುವಾಗಿ ಸವಣೂರಿಗೆ

ಯುದ್ಧಕಾಲದ ಒಂದು ಚಳಿಯ ಬೆಳಿಗ್ಗೆ ನಾನೂ ತಮ್ಮ ವಾಸುವೂ ಹಾನಗಲ್ಲಿನಿಂದ ಸವಣೂರಿಗೆ ಹೊರಟೆವು. ಸಾಮಾನು ಇಷ್ಟೇ: ಒಂದು ಬುತ್ತಿ, ಒಂದು ತಂಬಿಗೆ, ಇಂಗ್ಲೆಂಡಿನ ಬಾತ್ ಎಂಬ ಊರಿನ ಒಂದು ಚಿತ್ರದ ಕಾರ್ಡು. ಅದರಲ್ಲಿ ಜೇನುಬಣ್ಣದ ಕಲ್ಲಿನ ಮೂವತ್ತು ಮನೆಗಳು ಅರ್ಧಚಂದ್ರದಂತೆ ಬಾಗಿ, ಭುಜಕ್ಕೆ ಭುಜ ಹಚ್ಚಿ ನಿಂತಿದ್ದವು. ಎರಡೆರಡು ಮನೆಗೆ ಒಂದೇ ನಡುಗೋಡೆ. ಮೂವತ್ತಕ್ಕೂ ಸೇರಿ ಒಂದೇ ಮುಖ.

ನಮ್ಮಲ್ಲಿ ಪಾಲಾದ ಅಣ್ಣತಮ್ಮಂದಿರು ಮನೆ ಕಟ್ಟುವಾಗ ನಡುವೆ ಮೊಳದಗಲ ಸಂದಿ ಬಿಡುವುದು ರೂಢಿ. ಆ ಸಂದಿಯಲ್ಲಿ ಮಳೆನೀರು, ಬೆಕ್ಕು ಮತ್ತು ವ್ಯಾಜ್ಯ ಸುಖವಾಗಿ ಓಡಾಡುತ್ತವೆ. ಈಗ ಪಾಲಾಗಿ ಮನೆ ಕಟ್ಟಲು ಹೊರಟ ನಮ್ಮಿಬ್ಬರಲ್ಲಿ ವಾಸುವಿಗೆ ಸಂದಿ ಬೇಕಿತ್ತು; ನನಗೆ ಬಾತ್ ಊರು ಬೇಕಿತ್ತು. ಯಾರ ಮನೆಯಲ್ಲಿರುತ್ತೀ ಎಂದು ಕೇಳಿದರೆ ಅವ್ವ ಒಲೆಯ ಕಡೆ ಮುಖ ತಿರುಗಿಸುತ್ತಿದ್ದಳು. ಕೊನೆಗೆ ಸವಣೂರಿನ ಗೌಂಡಿ ಇಮಾಮಸಾಬರು ಹೇಳಿದಂತೆ ಕಟ್ಟುವುದೆಂದು ಇಬ್ಬರೂ ಒಪ್ಪಿದ್ದೆವು.

ಶಿಗ್ಗಾಂವಿಯವರೆಗೆ ಎಂಟಾಣೆ, ಇಪ್ಪತ್ತು ಚಿಲ್ಲರೆ ಮೈಲಿಗೆ ಮೂರು ತಾಸು. ಇದ್ದಿಲ ಗ್ಯಾಸಿನ ಮೋಟಾರು ಪ್ರತಿ ಏರಿನಲ್ಲೂ ನಿಂತು ಧ್ಯಾನ ಮಾಡಿತು. ನಾನೂ ತೂಕಡಿಸಿದೆ. ಕನಸಿನಲ್ಲಿ ಬಿಳಿಜೋಳದ ಹೊಲದ ನಡುವೆ ಕಾರ್ಡಿನ ಆ ಮನೆಸಾಲು ಎದ್ದು ನಿಂತಿತ್ತು. ಅವ್ವ ಮೂವತ್ತು ಬಾಗಿಲಿಗೂ ರಂಗೋಲಿ ಹಾಕುತ್ತ, ಯಾವುದನ್ನೂ ತನ್ನದೆನ್ನದೆ ಮುಂದೆ ಮುಂದೆ ಸಾಗುತ್ತಿದ್ದಳು.

ಶಿಗ್ಗಾಂವಿಯಲ್ಲಿ ಬುತ್ತಿ ಮುಗಿಸಿ, ಟಾಂಗಾ ಹಿಡಿದು ಸವಣೂರು ಸೇರಿದೆವು. ಇಮಾಮಸಾಬರು ಅರ್ಧ ಕಟ್ಟಿದ ಗೋಡೆಯಿಂದ ಇಳಿದು, ಕೈ ಒರೆಸಿಕೊಂಡು, ಕಾರ್ಡನ್ನು ಬಿಸಿಲಿಗೆ ಹಿಡಿದರು.

“ಛಲೋ ಕೆಲಸ ಐತ್ರಿ. ಮೂವತ್ತು ಮಂದಿ ಒಂದ ಮಾತು ಕೇಳ್ಯಾರಲ್ರೀ, ಅದ ದೊಡ್ಡದು.”

“ನಾವು ಇಬ್ಬರ ಇದ್ದೇವಿ, ನಮಗ ಆಗವಲ್ದು,” ಎಂದ ವಾಸು.

ಅವರು ಗೋಡೆಯ ಈ ಮುಖದಿಂದ ಆ ಮುಖದವರೆಗೆ ಅಡ್ಡಲಾಗಿ ಮಲಗಿದ್ದ ಉದ್ದನೆಯ ಕಲ್ಲೊಂದನ್ನು ತಟ್ಟಿದರು. “ಒಂದ ಗ್ವಾಡಿ ಕಟ್ಟಿದ್ರ ಇಂಥಾವು ಹಾಕ್ತೇನ್ರಿ. ತಲಿ ಅಣ್ಣನ ಮನ್ಯಾಗ, ಕಾಲು ತಮ್ಮನ ಮನ್ಯಾಗ. ಮುಂದ ಸಿಟ್ಟು ಬಂದ್ರ ಕಿತ್ತಗೊಂಡು ಹೋಗಾಕ ಬರೂದಿಲ್ಲ. ಈಗ ವಿಚಾರ ಮಾಡ್ರಿ.”

ವಾಸು ಕಾರ್ಡನ್ನು ತನ್ನ ಕೈಗೆ ತೆಗೆದುಕೊಂಡ. ಬಾತ್ ಊರು ಬೇಕೆಂದು ಹಟ ಹಿಡಿದಿದ್ದ ನನಗೂ ಆ ಕಲ್ಲು ತುಸು ಭಾರವೆನಿಸಿತು.

ಸಂತೆಪೇಟೆಯಲ್ಲಿ ತಿನ್ನಲು ಖಾರ ಕಟ್ಟಿಸಿಕೊಂಡು ಮರಳಿದೆವು. ಟಾಂಗಾದಲ್ಲಿ ಹಿಂದಕ್ಕೆ ಮುಖ ಮಾಡಿ ಕೂತ ವಾಸು, ಸವಣೂರು ಧೂಳಿನಲ್ಲಿ ಕರಗುವವರೆಗೂ ಒಮ್ಮೆ ಊರನ್ನೂ ಒಮ್ಮೆ ಕಾರ್ಡನ್ನೂ ನೋಡುತ್ತಿದ್ದ.

“ಅಣ್ಣಾ, ಅಡಿಗೀಮನಿ ಹತ್ರ ಆ ಒಂದ ಗ್ವಾಡ್ಯಾಗ ಒಂದು ಗೂಡು ಬಿಡಸೋಣು. ಆರಪಾರ.”

“ಎಷ್ಟು ದೊಡ್ಡದು?”

“ಅವ್ವ ಈ ಕಡೆ ಕೂತು ಆ ಕಡೆ ಬಡಸೂವಷ್ಟು.”

ಈ ಕಡೆ ಎಂದರೆ ಯಾರ ಕಡೆ ಎಂದು ನಾನು ಕೇಳಲಿಲ್ಲ.