ಕರೆದರೆ ಹೋಗುವ ದೋಣಿಯ ವೇಳಾಪಟ್ಟಿ

ಹುಡುಗರ ಕೈಗೆ ಸ್ಮಾರ್ಟ್‌ಫೋನು ಆಗತಾನೇ ಬಂದಿದ್ದ ವರ್ಷಗಳು. ಚಿಕ್ಕೋಡಿಯ ಕಾಲೇಜೊಂದರಲ್ಲಿ ನಾನು ವಾಣಿಜ್ಯ ಕಲಿಸುತ್ತಿದ್ದೆ. ರಜೆಯ ಇಂಟರ್ನ್‌ಶಿಪ್ ಎಂಬುದೊಂದು ನನ್ನ ಕೊರಳಿಗೆ ಗಂಟುಬಿತ್ತು. ಮೂರು ವಾರದ ಕೆಲಸ. ಹುಡುಗರು ಯಾರೂ ಕಾಲೇಜಿಗೆ ಬರುವ ಹಾಗಿಲ್ಲ. ಅಥಣಿಯವರು ಅಥಣಿಯಲ್ಲಿ, ರಾಯಬಾಗದವರು ರಾಯಬಾಗದಲ್ಲಿ ಇದ್ದುಕೊಂಡೇ ಕೆಲಸ ಮಾಡಿ ಮೊಬೈಲಿನಲ್ಲಿ ಕಳಿಸಬೇಕು. ಒಬ್ಬೊಬ್ಬರಿಗೂ ಅವರವರ ಊರಿಗೆ ಒಪ್ಪುವ ಕೆಲಸ ಹುಡುಕಿ, ಒಂದೊಂದು ಹಾಳೆ ಸೂಚನೆ ಬರೆಯುವಷ್ಟರಲ್ಲಿ ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು.

ಮುಗಳಖೋಡದವನಿಗೆ ಸಂತೆ, ನಿಪ್ಪಾಣಿಯವಳಿಗೆ ಬಸ್‌ಸ್ಟ್ಯಾಂಡು ಕೊಟ್ಟೆ. ಜುಗೂಳದ ಹುಡುಗಿಯ ಸರದಿ ಬಂದಾಗ ಮಾತ್ರ ಪೆನ್ನು ತಾನೇ ಓಡಿತು. ಕೃಷ್ಣೆ ದಾಟುವ ದೋಣಿಗೆ ವೇಳಾಪಟ್ಟಿ ತಯಾರಿಸುವುದು. ದಿನಾ ಮುಂಜಾನೆ ಎರಡು ತಾಸು ದಂಡೆಯಲ್ಲಿ ಕುಳಿತು ದೋಣಿ ಬಿಟ್ಟ ಹೊತ್ತು, ಹತ್ತಿದವರು, ಹೋಗುವ ಕಾರಣ ಬರೆಯಬೇಕು. ಕೊನೆಗೊಂದು ಬೋರ್ಡು ಮಾಡಿಕೊಡಬೇಕು. ಉದ್ದೇಶ: ಸಾರ್ವಜನಿಕರ ಅನುಕೂಲ.

ಸಾರ್ವಜನಿಕರ ಅನುಕೂಲವಂತೆ! ಜುಗೂಳ ನನ್ನ ತವರು. ನನ್ನ ಅಕ್ಕನನ್ನು ಕೊಟ್ಟಿದ್ದು ಆ ದಂಡೆಯ ಊರಿಗೆ, ಮಹಾರಾಷ್ಟ್ರಕ್ಕೆ. ಮದುವೆಯಾದ ಹೊಸತರಲ್ಲಿ ಅವಳು ಅಲ್ಲಿ ಬಟ್ಟೆ ಒಗೆಯುತ್ತ, ನಾನು ಇಲ್ಲಿ ಪಾತ್ರೆ ತಿಕ್ಕುತ್ತ ನಡುವೆ ಹೊಳೆ ಇಟ್ಟುಕೊಂಡೇ ಮಾತಾಡುತ್ತಿದ್ದೆವು. “ಅವ್ವ ಏನ್ ಮಾಡ್ಯಾಳ ಬೇ?” ಎಂದು ಅವಳು ಕೂಗುವಳು. “ಪುಂಡಿಪಲ್ಯಾ!” ಎಂದು ನಾನು. “ನನಗಿಷ್ಟು ಇಡ!” ಎಂಬ ಉತ್ತರ ನೀರಿನ ಮೇಲೆ ತೇಲಿ ಬರುತ್ತಿತ್ತು.

ಕೊನೆಗಾಲಕ್ಕೆ ಅವ್ವ ಅಕ್ಕನ ಮನೆಯಲ್ಲಿದ್ದಳು. ಅವ್ವ ತೀರಿಕೊಂಡ ದಿನ ನಾನು ಪರೀಕ್ಷೆಯ ಡ್ಯೂಟಿಯಲ್ಲಿದ್ದೆ. ಮುಗಿಸಿಕೊಂಡು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅಕ್ಕ ಹೊಸ್ತಿಲಲ್ಲೇ ನಿಂತು, “ನಿನಗ ಪರೀಕ್ಷಾ ದೊಡ್ಡದು, ಹಡದಾಕಿ ಸಣ್ಣಾಕಿ,” ಎಂದಳು. ನಾನೂ ಅದೇ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ, ಮೂಗಿನ ತುದಿಯಲ್ಲೇ ಸಿಟ್ಟು. ಒಳಗೆ ಕಾಲಿಡದೆ ಬಂದ ದೋಣಿಯಲ್ಲೇ ತಿರುಗಿದೆ. ಎಂಟು ವರ್ಷವಾಗಿತ್ತು. ಅಕ್ಕನ ಫೋನ್ ನಂಬರು ನನ್ನ ಬಳಿ ಇತ್ತು. ಎಷ್ಟು ಸಲ ಒತ್ತಿ, ರಿಂಗ್ ಆಗುವ ಮೊದಲೇ ಕತ್ತರಿಸಿದ್ದೇನೋ ದೇವರಿಗೇ ಗೊತ್ತು. ಪುಂಡಿಪಲ್ಯ ಮಾಡಿದ ದಿನ ಅವಳಿಗೆಂದು ಒಂದಿಷ್ಟು ತೆಗೆದಿಡುತ್ತಿದ್ದೆ. ಅಕ್ಕ ಬೇಕಾಗಿತ್ತು ನನಗೆ, ಅಷ್ಟೇ. ಆ ಹುಡುಗಿಯ ಪಟ್ಟಿಯಲ್ಲಾದರೂ ಅವಳ ಸುದ್ದಿ ಬಂದೀತೆಂದು ಆ ಕೆಲಸ ಹೂಡಿದ್ದೆ.

ಮೊದಲ ವಾರದ ಪಟ್ಟಿ ಬಂತು. ಒಂದು ದಿನದ ಹೊತ್ತು ಇನ್ನೊಂದು ದಿನಕ್ಕೆ ಹೊಂದುವುದಿಲ್ಲ. ಫೋನ್ ಮಾಡಿ ಬೈದೆ, “ದಂಡಿಗೆ ಹೋಗಿಯೋ, ಮನ್ಯಾಗ ಕುಂತ ತುಂಬಿಯೋ?”

ಹುಡುಗಿಗೆ ಅಳು ಬಂದಿತ್ತು. “ಕರದ್ರ ಹೋಗತೈತ್ರಿ ಮೇಡಂ, ಕರೀಲಿಲ್ಲಂದ್ರ ನಿಂದರತೈತ್ರಿ. ಅದಕ್ಕ ಟೈಮ್ ಎಲ್ಲಿಂದ ತರಲ್ರಿ?”

ಅಯ್ಯೋ ನನ್ನ ಬುದ್ಧಿಯೇ! ಆ ದಂಡೆಯಲ್ಲೇ ಬೆಳೆದವಳು ನಾನು. “ಕಾಕಾ, ದೋಣಿ ತರ್ರೀ…” ಎಂದು ಗಂಟಲು ಹರಿಯುವಂತೆ ಕರೆದವಳು. ಕಾಲೇಜಿನ ಗಂಟೆ ಕೇಳಿ ಕೇಳಿ ಅದನ್ನೇ ಮರೆತಿದ್ದೆ. ತಪ್ಪಾಯಿತವ್ವಾ ಎಂದು ಹೇಳಿ, ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿದೆ: ಕರೆದವರು ಯಾರು.

ಆಮೇಲೆ ಪಟ್ಟಿಗೆ ಜೀವ ಬಂತು. ಹೋಗುವ ಕಾರಣ: ಹಲ್ಲು ಕೀಳಿಸಲು. ಎಮ್ಮೆ ನೋಡಲು. ‘ನಿನಗ್ಯಾಕೆ ಬೇಕು’ ಎಂದರು. ಓದುತ್ತ ಒಬ್ಬಳೇ ನಗುತ್ತಿದ್ದೆ. ಎರಡನೆಯ ವಾರದ ನಡುವೆ ಒಂದು ಸಾಲು ಹೀಗಿತ್ತು: ಆ ದಂಡೆಯಿಂದ ಒಬ್ಬ ಹೆಣ್ಣುಮಗಳು ಕರೆದರು. ದೋಣಿ ಹೋಯಿತು. ಅವರು ಹತ್ತಲಿಲ್ಲ. ಮರುದಿನವೂ ಅದೇ. ಅದರ ಮರುದಿನವೂ.

ಅವ್ವನ ತಿಥಿಯ ವಾರವದು.

“ಹತ್ತಲಿಲ್ಲಂದ್ರ ಮತ್ತ ಯಾಕ ಕರದ್ರು?” ಎಂದು ಹುಡುಗಿಯನ್ನು ಕೇಳಿದೆ.

“ಅದಕ್ಕ ಕಾಲಂ ಇಲ್ಲಲ್ರಿ.”

“ಕಾಲಂ ಹಾಳಾಗಿ ಹೋಗ್ಲಿ! ದೋಣಿ ಕಾಕಾನ ಕೇಳ.”

ಮಧ್ಯಾಹ್ನ ಅವಳೇ ಫೋನ್ ಮಾಡಿದಳು. “ಚಿಕ್ಕೋಡಿ ಕಡಿಂದ ಯಾರರ ಬಂದಾರೇನ ಅಂತ ಕೇಳತಾರಂತ್ರಿ. ವರ್ಷಾ ಇದ ವಾರದಾಗ ಬಂದ ಕೇಳತಾರಂತ. ಕಾಕಾ ಇಲ್ಲ ಅಂದ್ರ ಸುಮ್ನ ಹೊಳ್ಳಿ ಹೋಗತಾರಂತ್ರಿ.”

ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಗಳಗಳನೆ ಅತ್ತುಬಿಟ್ಟೆ. ನಾನಿಲ್ಲಿ ಫೋನ್ ಒತ್ತಿ ಕತ್ತರಿಸುತ್ತಿದ್ದರೆ, ಅವಳಲ್ಲಿ ನೀರಿನವರೆಗೆ ಬಂದು ತಿರುಗುತ್ತಿದ್ದಳು. ಇಬ್ಬರದೂ ಅದೇ ಹಾಳು ಹಟ.

ಮರುದಿನ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗಬೇಕೆಂದು ಆರ್ಡರ್ ಬಂದಿತ್ತು. ಪ್ರಿನ್ಸಿಪಾಲರ ಮುಂದೆ ನಿಂತು ಆಗುವುದಿಲ್ಲ ಎಂದೆ.

“ಯಾಕ್ರಿ ಮೇಡಂ, ಆರಾಮಿಲ್ಲೇನು?”

“ಹೌದ್ರಿ ಸರ್. ಎಂಟು ವರ್ಷ ಆತು ಆರಾಮಿಲ್ಲ.”

ಮರುದಿನ ನಸುಕಿಗೇ ಕಾಗವಾಡದವರೆಗೆ ಬಸ್ಸು, ಅಲ್ಲಿಂದ ಟಂಟಂ ರಿಕ್ಷಾ. ಹುಡುಗಿ ದಂಡೆಯ ಮೇಲಿನ ಮೆಟ್ಟಿಲಲ್ಲಿ ಪಟ್ಟಿ ಹಿಡಿದು ಕುಳಿತಿದ್ದಳು. ನನ್ನನ್ನು ನೋಡಿ ಗಾಬರಿಯಾಗಿ ಎದ್ದು ನಿಂತಳು. ತಪಾಸಣೆಗೆ ಬಂದೆ ಎಂದುಕೊಂಡಿರಬೇಕು. ದೋಣಿ ಆ ದಂಡೆಯಲ್ಲಿತ್ತು. ಹತ್ತಿರ ಯಾರೂ ಕಾಣಲಿಲ್ಲ. ತಿಥಿ ಮುಗಿದು ಎರಡು ದಿನವಾಗಿತ್ತು.

“ಇವತ್ತ ಅವರು ಬಂದಿಲ್ರಿ,” ಎಂದಳು ಹುಡುಗಿ ಮೆಲ್ಲಗೆ. “ನಾ ದೋಣಿ ಕರೀಲೇನ್ರಿ?”

ಬೇಡವೆಂದು ನೀರಿಗಿಳಿದು ನಾನೇ ಕರೆದೆ. “ಕಾಕಾ, ದೋಣಿ ತರ್ರೀ…”

ದೋಣಿ ಕಾಕಾ ಬಂದ. ಹುಟ್ಟು ಹಿಡಿದವನು ನನ್ನ ಮುಖ ಬಹಳ ಹೊತ್ತು ನೋಡಿದ. “ಎಲ್ಲಿಂದ ಬಂದಿ ತಂಗಿ?”

“ಚಿಕ್ಕೋಡಿಯಿಂದರಿ.”

“ಇಲ್ಲ ಅಂತ ಹೇಳಿ ಹೇಳಿ ನನ್ನ ಬಾಯಿ ಸೋತೈತಿ,” ಎಂದ. “ಹತ್ತ. ಈ ಸಲ ನೀನ ಹೋಗಿ ಹೇಳ.” ಉಳಿದವರಿಗಾಗಿ ಕಾಯದೆ, ನನ್ನೊಬ್ಬಳನ್ನೇ ಕೂರಿಸಿಕೊಂಡು ದೋಣಿ ಬಿಟ್ಟ.

ನಡುಹೊಳೆಗೆ ಬಂದಾಗ ಹಿಂದಿನಿಂದ ಹುಡುಗಿ ಕೂಗಿದಳು, “ಮೇಡಂರೀ, ಹೋಗೂ ಕಾರಣ ಏನಂತ ಬರೀಲ್ರಿ?”

ತಿರುಗಿ ನಿಂತು, ಎರಡೂ ದಂಡೆಗೆ ಕೇಳುವಂತೆ ಕೂಗಿದೆ: “ಅಕ್ಕನ ಮನೀಗೆ ಅಂತ ಬರಿ!”